ಅಂಚಿಗೆ ಹೋದ ಒಂದೂವರೆ ಗಂಟೆ

"ಇನ್ನೊಂದು ಸಲ ಒತ್ತಪ್ಪ," ಎಂದಳು ಗಿರಿಜಾಂಬ.

ನಿಯಾಜ್ ಮೌಸನ್ನು ಮೇಜಿನ ಮೇಲೆ ಬೆರಳಗಲ ಸರಿಸಿದ. ಪರದೆಯ ಮೇಲಿನ ಬಾಣ ಹಸಿರು ಗೆರೆಯ ಹಲ್ಲುಗಳು ಮುಗಿದ ಜಾಗಕ್ಕೆ ಹೋಗಿ ನಿಂತಿತು. ಟಕ್. ಕೆಳಗಿನ ಚೌಕದಲ್ಲಿ ಮತ್ತೆ ಅದೇ ಬಂತು. ಹೊತ್ತು, ಎಂಟೂ ಹದಿನೈದು. ಒತ್ತಡ, ನಾಲ್ಕೂವರೆ.

"ಎಷ್ಟು ಸಲ ಒತ್ತಿದ್ರೂ ಅಷ್ಟೇ ಮೇಡಂ. ಮಿಷಿನ್ನು ಸುಳ್ ಯೋಳಲ್ಲ," ಎಂದ ಬಾಗಿಲಲ್ಲಿ ನಿಂತಿದ್ದ ಕಾಡಸಿದ್ದಪ್ಪ. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರಾಮನಗರದ ಆ ಫಿಲೇಚರಿನ ಮಾಲೀಕ ಅವನು. ಹಣೆಯ ವಿಭೂತಿ ಬೆವರಿಗೆ ಅರ್ಧ ಕರಗಿತ್ತು.

ಆರು ದಿನದ ಹಿಂದೆ, ಗುರುವಾರ ಬೆಳಗ್ಗೆ ಎಂಟೂ ಮುಕ್ಕಾಲಿಗೆ, ಇದೇ ಫಿಲೇಚರಿನ ಬಾಯ್ಲರ್ ಒಡೆದು ನೂಲು ತೆಗೆಯುತ್ತಿದ್ದ ಅಂಕಮ್ಮ ಸತ್ತಿದ್ದಳು. ಆವಿ ಹೆಚ್ಚಾದಾಗ ತಾನೇ ತೆರೆದುಕೊಳ್ಳಬೇಕಾದ ಸೇಫ್ಟಿ ವಾಲ್ವನ್ನು ಯಾರೋ ತಾಮ್ರದ ತಂತಿಯಲ್ಲಿ ಬಿಗಿದು ಕಟ್ಟಿದ್ದರು.

ಕಟ್ಟಿದ ಗಳಿಗೆ ಯಾವುದೆಂದು ಆ ಹಸಿರು ಗೆರೆಯೇ ಹೇಳುತ್ತಿತ್ತು. ಆವಿ ಮಿತಿ ಮೀರಿದಾಗಲೆಲ್ಲ ವಾಲ್ವ್ ಬುಸ್ಸೆಂದು ಒಸಿ ಆವಿ ಬಿಟ್ಟು ಮುಚ್ಚಿಕೊಳ್ಳುತ್ತದೆ. ಒಂದೊಂದು ಸಲಕ್ಕೂ ಗೆರೆಯಲ್ಲಿ ಒಂದೊಂದು ಹಲ್ಲು. ಗರಗಸದ ಹಾಗೆ ಹಲ್ಲು ಹಲ್ಲಾಗಿ ಬಂದ ಗೆರೆ ಒಂದು ಕಡೆ ನುಣ್ಣಗಾಗುತ್ತದೆ. ಆಮೇಲೆ ಹಲ್ಲೇ ಇಲ್ಲ. ಸದ್ದಿಲ್ಲದೆ ಏರುತ್ತ ಹೋಗಿ ತಟ್ಟನೆ ಕಡಿದುಬೀಳುತ್ತದೆ. ಆ ಕಡಿದ ತುದಿಯೇ ಅಂಕಮ್ಮನ ಕೊನೆ.

ಎಂಟೂ ಹದಿನೈದಕ್ಕೆ ಬಾಯ್ಲರ್ ಕೋಣೆಯಲ್ಲಿ ಇದ್ದವನು ಒಬ್ಬನೇ, ಬಾಯ್ಲರ್ ನೋಡಿಕೊಳ್ಳುವ ಹುಸೇನ್. ಏಳು ಗಂಟೆಯಿಂದ ಅವನ ಪಾಳಿ. ನಿನ್ನೆ ಸಂಜೆಯಿಂದ ಅವನು ಠಾಣೆಯ ಕಂಬಿಯ ಹಿಂದೆ ಇದ್ದ. ಮಧ್ಯಾಹ್ನ ಮೂರಕ್ಕೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವಾಗ ಕೊಲೆಯ ಕಲಂ ಸೇರಿಸಿಯೇ ಕಳಿಸಬೇಕೆಂದು ಮೇಲಿನಿಂದ ಫೋನು ಬಂದಿತ್ತು. ಸಬ್‌ಇನ್ಸ್‌ಪೆಕ್ಟರ್ ಗಿರಿಜಾಂಬ ಸಹಿ ಹಾಕುವುದೊಂದೇ ಬಾಕಿ.

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

"ನೀನು ಬರೆದ ಪ್ರೋಗ್ರಾಮು ತಾನೇ ಇದು?"

"ಹೌದಮ್ಮ. ಬಾಯ್ಲರ್ ಮೀಟರಿಂದ ವೈರು ಬರ್ತದೆ. ಎಷ್ಟು ಒತ್ತಡ ಐತೆ ಅಂತ ಒಂದೂವರೆ ನಿಮಿಷಕ್ಕೊಂದು ಸಲ ಚುಕ್ಕಿ ಇಡ್ತದೆ. ಚುಕ್ಕಿ ಸೇರಿ ಗೆರೆ ಆಯ್ತದೆ."

ನಿಯಾಜ್ ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯವನು. ಅಪ್ಪನ ಲೇತಿನ ಮುಂದೆ ಬೆಳೆದು, ಡಿಪ್ಲೊಮಾ ಓದಿ, ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರ ಕೂಡಿಸುವ ಕೆಲಸದಲ್ಲಿದ್ದ. ಅಂಕಮ್ಮ ಸತ್ತ ಸುದ್ದಿಯೇ ಅವನಿಗೆ ತಲುಪಿದ್ದು ನಿನ್ನೆ. ಬಂದಾಗಿನಿಂದ ಅವನ ಉಗುರುಗಳ ಸಂದಿನ ಅರಗಿನ ಬಣ್ಣವನ್ನು ಗಿರಿಜಾಂಬ ನೋಡುತ್ತಲೇ ಇದ್ದಳು. ಕೆಂಪು, ಹಳದಿ. ಬಿಡುವಿದ್ದಾಗ ಈಗಲೂ ಗೊಂಬೆಗೆ ಬಣ್ಣ ಹಿಡಿಯುವ ಕೈ.

"ಗೆರೆಯ ಕೆಳಗೆ ಗಂಟೆ ಯಾಕೆ ಬರೆದಿಲ್ಲ? ಈ ಪುಟ್ಟ ಪುಟ್ಟ ಗೀಟು ಏನು?"

"ಅವು ಹಾಕು ಅಮ್ಮ. ಗೂಡನ್ನ ಬೇಯೋಕೆ ಬಾಣಲೆಗೆ ಹಾಕಿದಾಗೆಲ್ಲ ಒಂದು ಗುಂಡಿ ಒತ್ತಿಬಿಡ್ತಾರೆ, ಒಂದು ಗೀಟು ಬೀಳ್ತದೆ. ಮೊದಲು ಗಂಟೇನೇ ಬರೆದಿದ್ದೆ. ಇಲ್ಲಿ ಯಾರೂ ಗಂಟೆ ಎಣಿಸಲ್ಲ. ಮೂರನೇ ಹಾಕು, ನಾಕನೇ ಹಾಕು ಅಂತಾರೆ. ಗಂಟೆ ತೆಗ್ದು ಇದನ್ನೇ ಇಡು ಅಂದ್ರು. ಹೊತ್ತು ಬೇಕಾದ್ರೆ ಗೆರೆ ಮೇಲೆ ಒತ್ತಿ ನೋಡ್ಕಬೋದು."

"ಯಾರು ಒತ್ತುತ್ತಿದ್ದರು?"

"ಯಾರೂ ಇಲ್ಲ ಅನ್ಸುತ್ತೆ," ಎಂದು ನಿಯಾಜ್ ಸಂಕೋಚದಿಂದ ನಕ್ಕ.

ಗಿರಿಜಾಂಬ ನಗಲಿಲ್ಲ. ಚಿಕ್ಕಂದಿನಲ್ಲಿ ಕುದೂರಿನ ಮಠದ ಜಗಲಿಯಲ್ಲಿ ಪುರಾಣ ಓದುವವರ ಎದುರು ಕೂತು ಕೇಳಿದವಳು ಅವಳು. ಪದದಷ್ಟೇ ಗಮನ ಕೊಟ್ಟು ಪದಗಳ ನಡುವಿನ ಬಿಡುವನ್ನೂ ಕೇಳುವುದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು. ಆರು ದಿನದಿಂದ ಆ ಗೆರೆಯನ್ನು ಅವಳು ಹಾಗೆಯೇ ನೋಡಿದ್ದಳು. ಎಲ್ಲೋ ಒಂದು ಕಡೆ ಲಯ ತಪ್ಪಿತ್ತು. ಎಲ್ಲಿ ಎಂದು ತಿಳಿದಿರಲಿಲ್ಲ.

ಕಿಟಕಿಯಾಚೆ ತಣ್ಣಗೆ ಬಿದ್ದ ಬಾಣಲೆಗಳ ಸಾಲು. ಬೆಂದ ಹುಳುವಿನ ವಾಸನೆ ಇನ್ನೂ ಗೋಡೆಗಳಲ್ಲೇ ಇತ್ತು. ಏಳನೆಯ ಬಾಣಲೆಯ ಮುಂದಿನ ಮಣೆಯ ಮೇಲೆ ಯಾರೋ ಒಂದು ಹಿಡಿ ಕನಕಾಂಬರ ಇಟ್ಟು ಹೋಗಿದ್ದರು. ಅದು ಅಂಕಮ್ಮ ಕೂರುತ್ತಿದ್ದ ಜಾಗ.

ಗಿರಿಜಾಂಬ ಎದ್ದು ಹೋಗಿ ಆ ಬಾಣಲೆಯ ರಾಟೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಎಳೆ ನೂಲನ್ನು ಬಿಡಿಸಿ ತಂದಳು.

"ಇದೇನ್ ಮೇಡಂ?" ಎಂದ ಹೆಡ್ ಕಾನ್‌ಸ್ಟೇಬಲ್ ಗವಿಸಿದ್ದಯ್ಯ. "ಪರದೆಗೆ ಸೀರೆ ನೇಯ್ತೀರಾ?"

"ಸುಮ್ಮನಿರಿ ಸಿದ್ದಯ್ಯ."

ಅವಳು ನೂಲನ್ನು ಗಾಜಿನ ಮೇಲೆ ಹಿಡಿದಳು. ಗೆರೆ ಶುರುವಾಗುವ ಕಡೆಯಿಂದ ಹಲ್ಲು ನಿಂತ ಜಾಗದವರೆಗೆ ಅಡ್ಡ ಅಳೆದು ಉಗುರಿನಿಂದ ಗುರುತು ಮಾಡಿಕೊಂಡಳು. ಅದೇ ಅಳತೆಯನ್ನು ಹಲ್ಲು ನಿಂತ ಜಾಗದಿಂದ ಮುಂದಕ್ಕೆ ಇಟ್ಟಳು. ನೂಲು ಮುಗಿಯಿತು. ಗೆರೆ ಇನ್ನೂ ಕಾಲು ಅಂಗುಲ ಮುಂದಕ್ಕೆ ಹೋಗಿ ಆಮೇಲೆ ಕಡಿದಿತ್ತು.



"ಬೆಂಕಿ ಹಚ್ಚುವುದು ಬೆಳಗ್ಗೆ ಎಷ್ಟಕ್ಕೆ ಕಾಡಸಿದ್ದಪ್ಪನವರೆ?"

"ಐದಕ್ಕೆ. ಆಗ್ಲೇ ಕಂಪ್ಯೂಟ್ರೂ ಹಾಕ್ತೀವಿ."

"ಐದರಿಂದ ಎಂಟೂ ಕಾಲಿನವರೆಗೆ ಮೂರೂ ಕಾಲು ಗಂಟೆ. ಎಂಟೂ ಕಾಲಿನಿಂದ ಎಂಟೂ ಮುಕ್ಕಾಲು, ಅರ್ಧ ಗಂಟೆ." ಅವಳು ನೂಲನ್ನು ಎತ್ತಿ ತೋರಿಸಿದಳು. "ಆ ಮೂರೂ ಕಾಲು ಗಂಟೆಗಿಂತ ಈ ಅರ್ಧ ಗಂಟೆ ಉದ್ದ ಇದೆ. ಹೇಗೆ?"

 ಕಾಡಸಿದ್ದಪ್ಪ ಟವಲಿನಲ್ಲಿ ಕತ್ತು ಒರೆಸಿಕೊಂಡ.

"ನಿಯಾಜ್, ಗೆರೆಯ ತುದಿಯ ಮೇಲೆ ಒತ್ತು. ಕಡಿದ ಜಾಗದ ಮೇಲೆ."

ಟಕ್.

ಹೊತ್ತು, ಹತ್ತೂ ಹದಿನೈದು.

"ಹತ್ತೂ ಕಾಲಾ?" ಗವಿಸಿದ್ದಯ್ಯ ಮುಂದಕ್ಕೆ ಬಗ್ಗಿದ. "ಒಂಬತ್ತೂ ಐದಕ್ಕೇ ನಾನೇ ಅಂಕಮ್ಮನ್ನ ಆಸ್ಪತ್ರೆ ಸ್ಟ್ರೆಚರ್ ಮೇಲೆ ಮಲಗಿಸಿದ್ನಲ್ಲ! ಸತ್ತ ಮೇಲೆ ಒಡೀತಾ ಬಾಯ್ಲರ್ರು?"

"ಈಗ ಗೆರೆಯ ಮೊದಲ ಚುಕ್ಕಿ."

ಟಕ್. ಆರೂವರೆ.

"ಬೆಂಕಿ ಹಚ್ಚಿದ್ದು ಐದಕ್ಕೆ. ಮಿಷಿನ್ನು ಆರೂವರೆ ಅನ್ನುತ್ತಿದೆ. ಇನ್ನೂ ಎಡಕ್ಕೆ ಹೋಗು. ಆ ಅಂಕಿಗಳ ಮೇಲೆ ಒತ್ತು."

ಗೆರೆಯ ಎಡಕ್ಕೆ, ಒತ್ತಡ ಎಷ್ಟೆಂದು ತಿಳಿಯಲು ಒಂದರಿಂದ ಹತ್ತರವರೆಗೆ ದಪ್ಪ ಕನ್ನಡ ಅಂಕಿಗಳ ಪಟ್ಟಿಯೊಂದು ನಿಂತಿತ್ತು. ಅಲ್ಲಿ ಗೆರೆಯೂ ಇಲ್ಲ, ಚುಕ್ಕಿಯೂ ಇಲ್ಲ.  ಟಕ್.

ಹೊತ್ತು, ಐದೂವರೆ.

ಏನೂ ನಡೆಯದ ಜಾಗಕ್ಕೂ ಯಂತ್ರ ಹೊತ್ತು ಹೇಳಿತ್ತು.

ನಿಯಾಜ್ ಮೌಸನ್ನು ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಯಾ ಅಲ್ಲಾ. ಹಿಡಿತದ ಮರ ಬಿಟ್ಟು ಅಳೀಲಿಲ್ಲ ನಾನು."

"ಬಿಡಿಸಿ ಹೇಳು."

"ಲೇತಿಗೆ ಮರದ ತುಂಡು ಸಿಕ್ಕಿಸ್ತೀವಲ್ಲಮ್ಮ, ಅದರಲ್ಲಿ ಒಂದು ಅಂಗುಲ ಹಿಡಿತದೊಳಗೆ ಹೋಯ್ತದೆ. ಅದು ಗೊಂಬೆಗೆ ಸೇರಲ್ಲ, ಕೊನೇಲಿ ಕತ್ತರಿಸಿ ಬಿಸಾಕೋದು. ಅಬ್ಬಾ ಯಾವಾಗ್ಲೂ ಬೈಯೋರು, ಮರದ ತುದಿಯಿಂದ ಅಳೀಬೇಡ ಕಣ್ಲಾ, ಹಿಡಿತದ ಬಾಯಿಂದ ಅಳಿ ಅಂತ." ಅವನು ಪರದೆಯ ಎಡ ಅಂಚಿಗೆ ಬೆರಳಿಟ್ಟ. "ಕಂಪ್ಯೂಟ್ರು ಚುಕ್ಕಿ ಎಣಿಸೋದು ಈ ಅಂಚಿಂದ. ಗಂಟೆಗೆ ನಲವತ್ತು ಚುಕ್ಕಿ. ಮುಂಚೆ ಗೆರೇನೂ ಈ ಅಂಚಿಂದಲೇ ಶುರುವಾಯ್ತಿತ್ತು, ಲೆಕ್ಕ ಸರಿಯಾಗೇ ಇತ್ತು. ಆಮೇಲೆ ಒತ್ತಡದ ಅಂಕಿ ದಪ್ಪಗೆ ಕಾಣ್ಬೇಕು ಅಂದ್ರು. ಅಂಕಿಗೆ ಅರವತ್ತು ಚುಕ್ಕಿ ಜಾಗ ಬಿಟ್ಟು ಗೆರೇನ ಬಲಕ್ಕೆ ತಳ್ಳಿದೆ. ಒತ್ತಿದ ಜಾಗಾನ ಹೊತ್ತು ಮಾಡುವಾಗ ಆ ಅರವತ್ತನ್ನ ಕಳೀಬೇಕಿತ್ತು. ಕಳೀಲಿಲ್ಲ."

"ಅರವತ್ತು ಚುಕ್ಕಿ. ಒಂದೂವರೆ ಗಂಟೆ."

"ಎಲ್ಲ ಕಡೇನೂ ಅಷ್ಟೇ ತಪ್ಪು ಅಮ್ಮ. ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

"ಒತ್ತಡ ಮಾತ್ರ ಸರಿ ಬರುತ್ತಿದೆಯಲ್ಲ?"

"ಅದು ಮೇಲಿಂದ ಕೆಳಕ್ಕೆ ಎಣಿಸೋ ಲೆಕ್ಕ. ಮೇಲುಗಡೆ ನಾನೇನೂ ಜರುಗಿಸಿಲ್ಲ."

ಗಿರಿಜಾಂಬ ಹಲ್ಲು ನಿಂತ ಜಾಗವನ್ನೇ ನೋಡಿದಳು. ಎಂಟೂ ಹದಿನೈದರಲ್ಲಿ ಒಂದೂವರೆ ಗಂಟೆ ಕಳೆದರೆ ಆರೂ ನಲವತ್ತೈದು. ತುದಿಯ ಹತ್ತೂ ಹದಿನೈದರಲ್ಲಿ ಕಳೆದರೆ ಎಂಟೂ ಮುಕ್ಕಾಲು, ಇಡೀ ಬೀದಿ ಸದ್ದು ಕೇಳಿದ ಹೊತ್ತು. ಮೊದಲ ಚುಕ್ಕಿಯಲ್ಲಿ ಕಳೆದರೆ ಐದು, ಬೆಂಕಿ ಹಚ್ಚಿದ ಹೊತ್ತು. ಎರಡು ತುದಿಯೂ ಗಂಟು ಹಾಕಿದ ಹಾಗೆ ಕೂತವು.

"ಸಿದ್ದಯ್ಯ, ಗುರುವಾರ ಆರೂ ಮುಕ್ಕಾಲಿಗೆ ಹುಸೇನ್ ಎಲ್ಲಿದ್ದ?"

ಗವಿಸಿದ್ದಯ್ಯನ ಮುಖ ಕಪ್ಪಿಟ್ಟಿತು. "ನನ್ನೆದುರಿಗೇ ಇದ್ದ ಮೇಡಂ. ಬಸ್ ಸ್ಟ್ಯಾಂಡ್ ಟೀ ಅಂಗಡೀಲಿ. ಆರೂವರೆಯಿಂದ ಏಳರವರ್ಗೂ ಕೆಮ್ತಾ ಕೂತಿದ್ದ. ಬೀಡಿ ಬುಡೋ ಮಾರಾಯ ಅಂತ ನಾನೇ ಬೈದೆ. ಅಲ್ಲಿಂದ ಎದ್ದು ಸೀದಾ ಕೆಲಸಕ್ಕೆ ಹೋದ."

"ಹಾಗಾದರೆ ತಂತಿ ಕಟ್ಟಿದವನು ಅವನಲ್ಲ."

"ಎಲ್ಲಾ ಈ ಹುಡುಗನಿಂದ ಆಗಿದ್ದು!" ಕಾಡಸಿದ್ದಪ್ಪ ತಟ್ಟನೆ ಒಳಗೆ ನುಗ್ಗಿದ. "ಥೂ ನಿನ್ನ! ಕೆಲಸ ಬರದಿದ್ಮೇಲೆ ಯಾಕ್ಲಾ ಕಂಪ್ಯೂಟ್ರು ಮುಟ್ತೀಯ? ಬುಗುರಿ ಬಣ್ಣ ಬಳ್ಕೊಂಡಿರೋದು ಬುಟ್ಟು! ನಿನ್ನಿಂದ ಒಬ್ಬ ಬಡವ ಜೈಲು ಸೇರ್ತಿದ್ನಲ್ಲೋ!"

ನಿಯಾಜ್ ಮುಖದಿಂದ ಕೈ ತೆಗೆದ. ಕಣ್ಣು ಕೆಂಪಾಗಿತ್ತು.

"ನಾನು ಹೇಳಿದ್ದೆ ನಿಮಗೆ."

"ಏನ್ಲಾ ಹೇಳಿದ್ದೆ?"

"ಸೋಮವಾರ ಅಂಕಿ ಜಾಗ ಬದಲಿಸಿ ಹೊರಟಾಗ ಹೇಳಿದ್ದೆ. ಗೆರೆ ಸರಿಯಾಗೈತೆ ಯಜಮಾನ್ರೆ, ಒತ್ತಿ ನೋಡಿದ್ರೆ ಮಾತ್ರ ಹೊತ್ತು ಒಂದೂವರೆ ಗಂಟೆ ಹೆಚ್ಚು ಬತ್ತದೆ, ಶುಕ್ರವಾರ ಬಂದು ಸರಿಮಾಡ್ತೀನಿ ಅಂತ. ಯಾವನ್ಲಾ ಒತ್ತಿ ನೋಡ್ತಾನೆ, ನಿಧಾನಕ್ಕೆ ಬಾ ಅಂದ್ರಿ ನೀವು. ಹಾರೋಹಳ್ಳೀಲಿ ಕೆಲಸ ಬಿಡ್ಲಿಲ್ಲ, ಶುಕ್ರವಾರ ಬರೋಕಾಗ್ಲಿಲ್ಲ, ಆಮೇಲೆ ನನಗೂ ಮರ್ತೇ ಹೋಗಿತ್ತು, ಈಗ್ಲೇ ನೆಪ್ಪಾಗಿದ್ದು. ನನ್ನ ತಪ್ಪು ನಾನು ಒಪ್ತೀನಿ. ಆದ್ರೆ ಹೇಳಿದ್ದೆ."

"ಸುಳ್ಳು! ಯಾರಿದ್ರು ಆಗ?"

"ಅಂಕಮ್ಮಕ್ಕ ಇದ್ರು. ಕಸ ಗುಡಿಸ್ತಿದ್ರು."

ಕಾಡಸಿದ್ದಪ್ಪ ಏಳನೆಯ ಬಾಣಲೆಯ ಕಡೆ ನೋಡಿದ. 

ಗಿರಿಜಾಂಬ ಕುರ್ಚಿಯನ್ನು ಎಳೆದು ಅವನ ಮುಂದಿಟ್ಟಳು. "ಕೂತ್ಕೊಳ್ಳಿ. ಮೌಸ್ ಹಿಡ್ಕೊಳ್ಳಿ. ಆವತ್ತು ಪಂಚರ ಮುಂದೆ ಹೇಗೆ ಒತ್ತಿ ತೋರಿಸಿದಿರೋ ಹಾಗೆ ತೋರಿಸಿ."

"ಯಾಕ್ ಮೇಡಂ, ಗೊತ್ತಾಯ್ತಲ್ಲ..."

"ತೋರಿಸಿ."

ಅವನು ಕೂತ. ಬಾಣ ಪರದೆಯ ಮೇಲೆ ಸೀದಾ ಹೋಗಿ ಹಲ್ಲು ನಿಂತ ಜಾಗದಲ್ಲಿ ನಿಂತಿತು.

"ನೇರವಾಗಿ ಅಲ್ಲಿಗೇ ಹೋದಿರಿ," ಎಂದಳು ಗಿರಿಜಾಂಬ. ದನಿ ಏರಿಸಲಿಲ್ಲ. "ಇದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಎಲ್ಲಿಗೆ ಹೋಯಿತು ಗೊತ್ತೇ? ತುದಿಗೆ. ಒಂದು ಜೀವ ಹೋದ ಜಾಗಕ್ಕೆ. ಪಂಚರೂ ಅದನ್ನೇ ಕೇಳಿದರು. ಮಹಜರಿನಲ್ಲಿ ಬರೆದಿದೆ. 'ಒಡೆದ ಹೊತ್ತು ನೋಡೋಣ ಎನ್ನಲಾಗಿ, ಮಾಲೀಕರು ಅದು ಊರಿಗೇ ತಿಳಿದ ವಿಷಯ ಎಂದರು.' ಗೊತ್ತಿದ್ದದ್ದನ್ನು ಮತ್ತೆ ಕೇಳಬಾರದು ಅಂತ ನಾವೂ ಸುಮ್ಮನಾದೆವು. ಅಲ್ಲಿ ಒಂದು ಸಲ ಒತ್ತಿದ್ದರೆ ಹತ್ತೂ ಕಾಲು ಬರುತ್ತಿತ್ತು, ಎಲ್ಲ ಬಯಲಾಗುತ್ತಿತ್ತು. ನೀವು ಆ ತುದಿಯ ಹತ್ತಿರ ಸುಳಿಯಲೇ ಇಲ್ಲ."

ಕಾಡಸಿದ್ದಪ್ಪ ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

"ಆರೂ ಮುಕ್ಕಾಲಿಗೆ ನೀವೆಲ್ಲಿದ್ದಿರಿ?"

"ಗೂಡಿನ ಮಾರ್ಕೆಟ್ಟಲ್ಲಿ. ಬೆಂಕಿ ಹಚ್ಚಿ ಬಾಯ್ಲರ್ ಕೋಣೆಗೆ ಬೀಗ ಹಾಕ್ಕೊಂಡು ಆರು ಗಂಟೆಗೇ ಹೋದೆ. ಐವತ್ತು ಜನ ನೋಡವ್ರೆ, ಕೇಳಿ."

"ಕೇಳಿದ್ದೇನೆ. ನಿಜ. ಅದಕ್ಕೇ ನನಗೆ ಅರ್ಥವಾಗುತ್ತಿಲ್ಲ. ನಿಜವಾದ ಹೊತ್ತು ಹೇಳಿದ್ದರೆ ನಿಮಗೇನೂ ನಷ್ಟ ಇರಲಿಲ್ಲ. ಹನ್ನೆರಡು ವರ್ಷ ನಿಮ್ಮ ಬಾಯ್ಲರ್ ಕಾದವನ ಮೇಲೆ ಯಾಕೆ ಹೊರಿಸಿದಿರಿ?"

 ಗಿರಿಜಾಂಬ ಕಾದಳು. ಕಾಯುವುದು ಅವಳಿಗೆ ಕಷ್ಟದ ಕೆಲಸವಾಗಿರಲಿಲ್ಲ. ರಸ್ತೆಯಲ್ಲಿ ಮಾಗಡಿ ಬಸ್ಸು ಹಾರ್ನ್ ಹೊಡೆಯುತ್ತ ದಾಟಿಹೋಯಿತು.

"ಆ ಕೋಣೆಗೆ ಎರಡು ಕೀ ಮೇಡಂ," ಎಂದ ಕೊನೆಗೆ. ದನಿ ಬೇರೆ ಯಾರದ್ದೋ ಎಂಬಂತಿತ್ತು. "ಒಂದು ನನ್ನ ಸೊಂಟದಲ್ಲಿರ್ತದೆ. ಇನ್ನೊಂದು ಹುಸೇನನ ಮನೆ ಗೂಟದಲ್ಲಿ."

"ಮುಂದೆ?"

"ಗುರುವಾರ ಮಧ್ಯಾಹ್ನ ನಾನೂ ಅವನೂ ಇದೇ ಕೋಣೇಲಿ ಇದರ ಮುಂದೆ ಕೂತ್ವಿ. ನೀವಿನ್ನೂ ಆಸ್ಪತ್ರೇಲಿದ್ರಿ. ಹಲ್ಲು ನಿಂತ ಜಾಗ ಕಾಣಿಸ್ತು. ಈ ಹುಡುಗ ಹೇಳಿದ್ದು ನೆಪ್ಪಿತ್ತು, ಒಂದೂವರೆ ಗಂಟೆ ಕಳೆದು ಲೆಕ್ಕ ಹಾಕ್ದೆ. ಆರೂ ಮುಕ್ಕಾಲು ಕಣೋ ಹುಸೇನ, ನಿನ್ ತಲೆ ಮೇಲೆ ಬರಲ್ಲ ಬುಡು ಅಂದೆ." ಅವನು ಮೇಜಿನ ಮುಂದಿನ ನೆಲಕ್ಕೆ ಬೆರಳು ತೋರಿಸಿದ. "ಅವನು ನನ್ನ ಕಾಲಿಗೆ ಬಿದ್ದ ಮೇಡಂ. ಯಜಮಾನ್ರೆ, ಕಳೀಬೇಡಿ, ಮಿಷಿನ್ನು ಏನು ತೋರಿಸ್ತದೋ ಅದನ್ನೇ ಪೊಲೀಸ್ರಿಗೆ ತೋರಿಸಿ ಅಂತ. ಹಣೆ ನೆಲಕ್ಕೆ ಚಚ್ಕೊಂಡ. ನಾನೇನ್ ಮಾಡ್ಲಿ? ಮಿಷಿನ್ನು ಏನ್ ತೋರಿಸ್ತೋ ಅದನ್ನೇ ತೋರಿಸ್ದೆ."

ನಿಯಾಜ್ ಅಳುತ್ತಿದ್ದ. ಗವಿಸಿದ್ದಯ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಇದನ್ನೆಲ್ಲ ಬರೆದು ಸಹಿ ಹಾಕಿಕೊಡಿ," ಎಂದು ಗಿರಿಜಾಂಬ ಎದ್ದಳು. "ಇಬ್ಬರೂ."

*

ಠಾಣೆಗೆ ಬಂದಾಗ ಒಂದೂವರೆ. ಜೀಪಿನಿಂದ ಇಳಿಯುವ ಮೊದಲು ಅವಳು ಕಣ್ಣು ಮುಚ್ಚಿ ಒಂದು ಗಳಿಗೆ ಇಷ್ಟದೈವವನ್ನು ನೆನೆದಳು. ತಪ್ಪು ಮಾಡದವನನ್ನು ಬಿಡಿಸುವ ಮಾತು ಕೈಯಲ್ಲಿತ್ತು. ಅದನ್ನು ಅವನಿಗೆ ಹೇಳುವುದಕ್ಕೆ ನಾಲಗೆ ಏಳುತ್ತಿರಲಿಲ್ಲ.

ಹುಸೇನ್ ಗೋಡೆಗೆ ಒರಗಿ ಕೂತಿದ್ದ. ನಲವತ್ತೆಂಟರ ವಯಸ್ಸು, ಹೊಗೆ ಕುಡಿದು ಅರವತ್ತರಂತೆ ಕಾಣುವ ಮೈ. ಬಾಯ್ಲರ್ ಒಡೆದಾಗ ಅಂಕಮ್ಮನನ್ನು ಆವಿಯೊಳಗಿಂದ ಎಳೆದು ತಂದವನೂ ಅವನೇ. ಎಡಗೈಗೆ ಬ್ಯಾಂಡೇಜು ಇತ್ತು. ಅವಳನ್ನು ಕಂಡು ಏಳಲು ಹೋದ.

"ಕೂತ್ಕೋ ಹುಸೇನ್."

ಅವಳೂ ಕಂಬಿಯ ಈಚೆ ಸ್ಟೂಲು ಎಳೆದುಕೊಂಡು ಕೂತಳು.

"ಫಿಲೇಚರಿನಿಂದ ಬರುತ್ತಿದ್ದೇನೆ. ನಿಯಾಜ್ ಬಂದಿದ್ದ. ಆ ಪರದೆ ತೋರಿಸಿದ ಹೊತ್ತು ತಪ್ಪು. ತಂತಿ ಕಟ್ಟಿದ್ದು ಆರೂ ನಲವತ್ತೈದಕ್ಕೆ. ಆಗ ನೀನು ಸಿದ್ದಯ್ಯನ ಎದುರಿಗೆ ಟೀ ಕುಡಿಯುತ್ತಿದ್ದೆ."

ಬಿಡುಗಡೆಯ ಮಾತು ಕೇಳಿದವರ ಮುಖವನ್ನು ಅವಳು ಎಷ್ಟೋ ನೋಡಿದ್ದಳು. ಈ ಮುಖದ ರಕ್ತ ಇಳಿದುಹೋಯಿತು.

"ಇಲ್ಲಮ್ಮ." ಅವನು ಮೊಣಕಾಲ ಮೇಲೆ ತೆವಳಿ ಕಂಬಿಯ ಹತ್ತಿರ ಬಂದ. "ಮಿಷಿನ್ ಸರಿಯಾಗೈತೆ. ಎಂಟೂ ಕಾಲೇ ನಿಜ. ಆ ಹುಡುಗನಿಗೇನು ಗೊತ್ತು?"

"ಹುಸೇನ್."

"ನಾನೇ ಕಟ್ಟಿದ್ದು. ಬರ್ಕೊಳಿ. ವಾಲ್ವು ಸುಮ್ ಸುಮ್ನೆ ಆವಿ ಬುಡ್ತಿತ್ತು, ಬಾಣಲೆಗೆ ಬಿಸಿ ಸಾಕಾಗ್ತಿರ್ಲಿಲ್ಲ, ತಂತಿ ಸುತ್ತಿಬುಟ್ಟೆ. ಮೂರು ಗಂಟೆಗೆ ಸಾಹೇಬರ ಮುಂದೇನೂ ಹೇಳ್ತೀನಿ. ಎಲ್ಲಿ ಸೈನು ಮಾಡ್ಬೇಕು ಅಷ್ಟು ತೋರಿಸಿ."

"ಎಷ್ಟು ಸುತ್ತು ಸುತ್ತಿದೆ?"

ಅವನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಯಾವ ಕಡೆಗೆ ತಿರುಚಿದೆ? ಎಡಕ್ಕೋ, ಬಲಕ್ಕೋ? ಮಾಡಿದವನು ಮರೆಯುವಂಥದ್ದಲ್ಲ ಅದು."

ಕಂಬಿ ಹಿಡಿದಿದ್ದ ಅವನ ಬೆರಳುಗಳು ಬಿಳಿಚಿಕೊಂಡವು. "ನಿಮಗೆ ಒಬ್ಬರು ಬೇಕಲ್ಲಮ್ಮ. ನಾನಿದೀನಲ್ಲ. ಇನ್ನೆಷ್ಟು ದಿನ ಬದುಕ್ತೀನಿ ನಾನು? ಎದೆ ಫೋಟೋ ನೋಡಿ ಡಾಕ್ಟ್ರೇ ತಲೆ ಆಡಿಸವ್ರೆ. ಎಂಟೂ ಕಾಲೇ ಇರ್ಲಿ ಬುಡಿ ತಾಯಿ. ಅಂಕಮ್ಮಕ್ಕನ ಆತ್ಮಕ್ಕೂ ಏನೂ ಕಮ್ಮಿ ಆಗಲ್ಲ."

"ಅಂಕಮ್ಮನ ಪರವಾಗಿ ಅಷ್ಟು ಸಲೀಸಾಗಿ ಮಾತಾಡಬೇಡ," ಎಂದಳು ಗಿರಿಜಾಂಬ ಮೆಲ್ಲಗೆ. "ಅವಳಿಗೆ ಏನು ಬೇಕೋ ಕೇಳುವುದಕ್ಕೆ ಅವಳಿಲ್ಲ. ನಿನ್ನ ಮನೆಯಲ್ಲಿ ಇರುವುದು ಎರಡೇ ಜನ ಹುಸೇನ್. ಹೆಂಡತಿ ಗುಲ್ಜಾರ್ ಬೀ. ಮಗಳು ಸಾಬಿರಾ. ಗೂಟದಲ್ಲಿದ್ದ ಕೀ ಆವತ್ತು ಬೆಳಗ್ಗೆ ಯಾರ ಕೈಯಲ್ಲಿತ್ತು?"

ಅವನು ಹಣೆಯನ್ನು ಕಂಬಿಗೆ ಒತ್ತಿ ಕಣ್ಣು ಮುಚ್ಚಿದ. ತುಟಿ ಅಲುಗುತ್ತಿತ್ತು. ಪ್ರಾರ್ಥನೆಯೋ, ಹೆಸರೋ, ಅವಳಿಗೆ ಕೇಳಿಸಲಿಲ್ಲ.

ಹಿಂದಿನಿಂದ ಬೂಟಿನ ಸದ್ದಾಯಿತು. ಗವಿಸಿದ್ದಯ್ಯ ಬಾಗಿಲಲ್ಲಿ ನಿಂತಿದ್ದ. ಯಾವತ್ತೂ ಏನಾದರೊಂದು ತಮಾಷೆ ಅಂಟಿಕೊಂಡಿರುತ್ತಿದ್ದ ಅವನ ಮುಖ ಬರಿದಾಗಿತ್ತು.

"ಮೇಡಂ, ಹೊರಗಡೆ ಒಬ್ರು ಬಂದವ್ರೆ. ಗುರುವಾರದ ವಿಷಯ ಹೇಳಿಕೆ ಕೊಡ್ಬೇಕಂತೆ. ನಿಮ್ಮ ಹತ್ರಾನೇ ಆಗ್ಬೇಕಂತೆ."

ಗಿರಿಜಾಂಬ ಎದ್ದಳು.

"ಬೇಡ!" ಹುಸೇನನ ಕೂಗಿಗೆ ಇಡೀ ಠಾಣೆ ತಿರುಗಿ ನೋಡಿತು. ಬ್ಯಾಂಡೇಜಿನ ಕೈಯನ್ನು ಕಂಬಿಯ ಸಂದಿನಿಂದ ಹೊರಕ್ಕೆ ಚಾಚಿ ಅವಳ ಖಾಕಿ ತೋಳನ್ನು ಹಿಡಿದುಕೊಂಡ. "ಅವಳ ಮಾತು ಬರ್ಕೋಬೇಡಿ. ಅವಳಿಗೆ ತಲೆ ಸರಿಯಿಲ್ಲ. ಅವಳ ಮಾತು ನಂಬಬೇಡಿ ತಾಯಿ!"

ಬಂದವರು ಗಂಡಸೋ ಹೆಂಗಸೋ ಎಂದು ಗವಿಸಿದ್ದಯ್ಯ ಹೇಳಿರಲಿಲ್ಲ. ಹುಸೇನ್ ಕೇಳಿಯೂ ಇರಲಿಲ್ಲ.